ಕಲ್ಪಿತಲೋಕದಲ್ಲಿ ಅನುಕೃತಿಯೂ ಕೃತಿಸ್ವಾಮ್ಯವೂ

೧

ಒಬ್ಬನು ರಚಿಸಿದ ಕೃತಿಯನ್ನು ಮತ್ತೊಬ್ಬನು ಅನುಸರಿಸಿದರೆ ಆ ಎರಡನೆಯವನನ್ನು ಕವಿಯೆನ್ನಬೇಕೋ ಚೋರನೆನ್ನಬೇಕೋ ಎಂಬ ಪ್ರಶ್ನೆಯು ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕೃತಿಗಳ ಪರಸ್ಪರ ಹೋಲಿಕೆಗೆ ‘ಸಂವಾದ’ವೆಂದು ಹೆಸರಿಟ್ಟು, ಅದು ಕನ್ನಡಿಯ ಬಿಂಬದಂತೆ, ಚಿತ್ರದಲ್ಲಿ ಬರೆದ ಆಕಾರದಂತೆ, ಒಂದೇ ಬಗೆಯ ಮೈಯುಳ್ಳ ಇಬ್ಬರು ಮನುಷ್ಯರಂತೆ ಎಂದು ಮೂರು ತೆರನಾಗಿರುವುದೆಂದು ವಿಂಗಡಿಸಿದನು. ಮೊದಲನೆಯದಕ್ಕೆ ತನ್ನದೆಂಬ ಆತ್ಮವಿಲ್ಲ. ಎರಡನೆಯದರ ಆತ್ಮವು ತುಚ್ಛವಾದುದು. ಮೂರನೆಯದಕ್ಕಾದರೋ ಸ್ವಂತದ ಆತ್ಮವಿರುವುದರಿಂದ, ಮೈ ಹೋಲಿತೆಂಬ ಮಾತ್ರಕ್ಕೆ ಕವಿಯು ಅದನ್ನು ಬಿಡಬೇಕಾಗಿಲ್ಲ. ಇದು ಅವನ ನಿರ್ಣಯದ ಸಾರ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದೇ ವಿಚಾರವನ್ನು ‘ಹರಣ’ವೆಂಬ ಕಟುವಾದ ಹೆಸರಿನಿಂದ ವಿಸ್ತರಿಸಿ, ನಾಲ್ಕನೆಯ ಬಗೆಯೊಂದನ್ನು ಸೇರಿಸಿದನು. ಮೂಲವಸ್ತು ಒಂದೇ ಆಗಿದ್ದು ಪರಿಕರವೆಲ್ಲವೂ ಬೇರೆಯಾಗಿರುವ ಈ ಬಗೆಗೆ ಅವನು ಕೊಟ್ಟ ಹೆಸರು ‘ಪರಪುರಪ್ರವೇಶಸದೃಶ’. ಯೋಗಿಯು ಪರಕಾಯವನ್ನು ಹೊಗುವಂತೆ ಹಳೆಯ ಪ್ರಾಣವು ಹೊಸ ಮೈಯನ್ನು ಹೊಗುವುದೆಂದು ಅದರ ಭಾವ.

ಈ ವಿಭಾಗಗಳು ಹುಟ್ಟಿದುದು ಓಲೆಯ ಕಾಲದಲ್ಲಿ. ಆಗ ಪ್ರತಿಯೊಂದನ್ನು ಮಾಡಬೇಕಾದರೆ ಲಿಪಿಕಾರನ ಕೈ ತಿಂಗಳುಗಟ್ಟಲೆ ದುಡಿಯಬೇಕಾಗಿತ್ತು. ದುಡಿದರೂ ಪ್ರತಿಗೂ ಮೂಲಕ್ಕೂ ಭೇದವು ಉಳಿಯುತ್ತಿತ್ತು. ಮುದ್ರಣಯಂತ್ರವು ಆ ಶ್ರಮವನ್ನು ಕಡಿಮೆಮಾಡಿತು. ಕೃತಿಸ್ವಾಮ್ಯ, ಎಂದರೆ ಜನರು ಕಾಪಿರೈಟ್ ಎಂದು ಕರೆಯುವ ಹಕ್ಕು, ಶಾಸನರೂಪವನ್ನು ತಾಳಿದುದು ಆ ಯಂತ್ರದ ಬೆನ್ನಹಿಂದೆಯೇ. ಈಗ ಕಂಪ್ಯೂಟರಿನಲ್ಲಿ ನಿರ್ಮಿತವಾದ ಲೋಕಗಳಲ್ಲಿ ಪ್ರತಿಮಾಡಲು ಶ್ರಮವೇ ಇಲ್ಲ. ಪ್ರತಿಗೂ ಮೂಲಕ್ಕೂ ಕಣ್ಣಿಗೆ ಕಾಣುವ ಭೇದವೂ ಇಲ್ಲ. ಇಂತಹ ಸ್ಥಳದಲ್ಲಿ ಕಲಾವಿದನದೆಂಬುದು ಯಾವುದು, ಕದ್ದುದೆಂಬುದು ಯಾವುದು ಎಂಬುದನ್ನು ಪುನಃ ಮೊದಲಿನಿಂದ ವಿಚಾರಿಸಬೇಕಾಗಿದೆ. ಈ ವಿಚಾರಕ್ಕೆ ಈವಾ ಮಾಟೆಸ್ ಮತ್ತು ಫ್ರಾಂಕೊ ಮಾಟೆಸ್ ಎಂಬ ಇಟಲಿಯ ಕಲಾವಿದರ ಜೋಡಿಯ ಕೃತಿಗಳಿಗಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ. ಏಕೆಂದರೆ ಅವರ ಕಲಾಜೀವನದ ಬಹುಭಾಗವು ಅನುಕೃತಿಯನ್ನೇ ವಸ್ತುವಾಗಿ ಮಾಡಿಕೊಂಡುದಾಗಿದೆ. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲೊಂದನ್ನು ಹೆಸರಾಗಿಟ್ಟುಕೊಂಡು ಅವರು ಮೊದಲು ಪ್ರಸಿದ್ಧರಾದರು. ಕಂಪ್ಯೂಟರಿನ ಸಮಸ್ತ ವಸ್ತುಗಳೂ ಆ ಎರಡು ಅಂಕಿಗಳಿಂದಲೇ ಆದುವು. ಯಾರು ಬರೆದರೂ ಆ ಅಂಕಿಗಳು ಅವೇ.

೨

ಈ ಜೋಡಿಯು ಮೊದಲು ಕೈಯಿಟ್ಟುದು ಅಂತರಜಾಲದ ಕಲಾಕೃತಿಗಳಿಗೆ. ೧೯೯೯ರಲ್ಲಿ ‘ಹೆಲ್ ಡಾಟ್ ಕಾಮ್’ ಎಂಬ, ಸಾರ್ವಜನಿಕರಿಗೆ ಮುಚ್ಚಿದ್ದ ಕಲಾತಾಣವು ಸ್ವಲ್ಪ ಕಾಲದ ಮಟ್ಟಿಗೆ ಕೆಲವರಿಗೆ ತೆರೆದಾಗ, ಇವರು ಅದನ್ನು ಸಮಗ್ರವಾಗಿ ಪ್ರತಿಮಾಡಿ ತಮ್ಮ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟರು. ಮೂಲತಾಣದವರು ಕೃತಿಸ್ವಾಮ್ಯದ ಭಂಗವಾಯಿತೆಂದು ಆಕ್ಷೇಪಿಸಿದರು. ಅದೇ ವರ್ಷ ಓಲಿಯಾ ಲಿಯಾಲಿನಾ ಎಂಬ ಕಲಾವಿದೆಯು ಅಂತರಜಾಲದ ಕೃತಿಗಳನ್ನು ಮಾರುವ ಉದ್ದೇಶದಿಂದ ನಡೆಸುತ್ತಿದ್ದ ‘ಆರ್ಟ್ ಟೆಲಿಪೋರ್ಟೇಷಿಯಾ’ ಎಂಬ ಚಿತ್ರಶಾಲೆಗೂ ಅದೇ ಗತಿ ಬಂದಿತು. ೨೦೦೩ರಲ್ಲಿ ವಿಯೆನ್ನಾ ನಗರದ ಕಾರ್ಲ್ಸ್‌ಪ್ಲಾಟ್ಸ್ ಎಂಬ ಚೌಕವು ನೈಕಿ ಕಂಪನಿಯ ಹೆಸರನ್ನು ತಾಳಲಿದೆ, ಅಲ್ಲಿ ಆ ಕಂಪನಿಯ ಲಾಂಛನದ ಮಹಾಪ್ರತಿಮೆಯು ನಿಲ್ಲಲಿದೆ ಎಂಬ ಕಲ್ಪಿತ ಪ್ರಕಟನೆಯನ್ನು ಹೊರಡಿಸಿದರು. ಕಂಪನಿಯು ನ್ಯಾಯಾಲಯಕ್ಕೆ ಹೋಯಿತು. ಅದರ ಕೋರಿಕೆಯು ಅಲ್ಲಿ ನಿಲ್ಲಲಿಲ್ಲ.

ಇವುಗಳ ಪಕ್ಕದಲ್ಲಿ ಇನ್ನೊಂದು ಕೃತಿಯನ್ನು ಇಟ್ಟುನೋಡಬೇಕು. ೧೯೯೫ರಿಂದ ೧೯೯೭ರ ವರೆಗೆ ಈ ಇಬ್ಬರೂ ಹಲವು ವಸ್ತುಸಂಗ್ರಹಾಲಯಗಳಲ್ಲಿ ಪ್ರಸಿದ್ಧ ಕಲಾಕೃತಿಗಳ ಅತಿ ಸಣ್ಣ ಚೂರುಗಳನ್ನು ಗುಟ್ಟಾಗಿ ತೆಗೆದುಕೊಂಡು, ೨೦೧೦ರಲ್ಲಿ ಅವನ್ನು ‘ಕದ್ದ ಚೂರುಗಳು’ ಎಂಬ ಅರ್ಥದ ಹೆಸರಿನಿಂದ ಪ್ರಕಟಪಡಿಸಿದರು. ಇಲ್ಲಿ ನಡೆದುದು ನಿಸ್ಸಂದೇಹವಾಗಿ ಅಪಹರಣ: ಚೂರು ಹೋದಷ್ಟು ಮೂಲಕ್ಕೆ ನಷ್ಟ. ಅಂತರಜಾಲದ ತಾಣವನ್ನು ಪ್ರತಿಮಾಡಿದಾಗಲಾದರೋ ಮೂಲವು ಎಳ್ಳಷ್ಟೂ ಸವೆಯದೆ ಇದ್ದಲ್ಲಿಯೇ ಇದ್ದಿತು. ಎರಡನ್ನೂ ‘ಕಳವು’ ಎಂಬ ಒಂದೇ ಶಬ್ದದಿಂದ ಕರೆಯುವುದು ಲೋಕರೂಢಿ. ಒಂದರಲ್ಲಿ ವಸ್ತುವು ಹೋಗುತ್ತದೆ. ಮತ್ತೊಂದರಲ್ಲಿ ಹೋಗುವುದು ಏನು? ಒಡೆಯನು ಇತರರನ್ನು ಹೊರಗಿಡುವ ಅಧಿಕಾರ ಮಾತ್ರವೆ, ಅಥವಾ ಅದಕ್ಕಿಂತ ಗಟ್ಟಿಯಾದುದು ಏನಾದರೂ ಉಂಟೆ? ಈ ಪ್ರಶ್ನೆಯು ಅವರನ್ನು ಸೆಕೆಂಡ್ ಲೈಫ್ ಎಂಬ ಕಲ್ಪಿತಲೋಕಕ್ಕೆ ಹಿಂಬಾಲಿಸಿತು.

೩

ಆ ಲೋಕದ ವ್ಯವಸ್ಥೆಯನ್ನು ತಿಳಿಯದೆ ಅಲ್ಲಿನ ಕೃತಿಗಳನ್ನು ವಿಮರ್ಶಿಸಲಾಗದು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆಯು ಸೆಕೆಂಡ್ ಲೈಫನ್ನು ೨೦೦೩ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದರಲ್ಲಿ ಆಟಗಳಲ್ಲಿರುವಂತೆ ಗೆಲುವು ಸೋಲುಗಳಿಲ್ಲ. ಒಳಹೊಕ್ಕವನು ತನ್ನ ಇಚ್ಛೆಯ ಒಂದು ಮೈಯನ್ನು ತಾಳಿ ಅಲೆದಾಡುವನು; ಅದಕ್ಕೆ ಆ ಲೋಕದವರು ‘ಅವತಾರ್’ ಎನ್ನುವರು. ಸಂಸ್ಕೃತದಿಂದ ಇಂಗ್ಲಿಷಿಗೆ ಹೋಗಿ ಹೊಸ ಅರ್ಥವನ್ನು ಹೊತ್ತು ಹಿಂದಿರುಗಿದ ಶಬ್ದವಿದು. ಮನೆ, ಮರ, ಉಡುಪು, ಕೂದಲು, ಮೈಬಣ್ಣ, ನಡಿಗೆಯ ಭಂಗಿ ಇವೆಲ್ಲವನ್ನೂ ಅಲ್ಲಿ ನಿವಾಸಿಗಳೇ ನಿರ್ಮಿಸಿ, ಅಮೆರಿಕದ ಡಾಲರಿಗೆ ಬದಲಾಯಿಸಬಹುದಾದ ‘ಲಿಂಡೆನ್ ಡಾಲರ್’ ಎಂಬ ನಾಣ್ಯಕ್ಕೆ ಮಾರುವರು. ೨೦೦೩ರ ನವೆಂಬರಿನಲ್ಲಿ ಸಂಸ್ಥೆಯು, ನಿವಾಸಿಗಳು ಅಲ್ಲಿ ನಿರ್ಮಿಸಿದ ವಸ್ತುಗಳ ಬೌದ್ಧಿಕ ಸ್ವಾಮ್ಯವು ನಿರ್ಮಿಸಿದವರಲ್ಲಿಯೇ ಉಳಿಯುವುದೆಂದು ಘೋಷಿಸಿತು. ಪ್ರತಿಯೊಂದು ವಸ್ತುವಿನ ಮೇಲೂ ಕರ್ತೃವಿನ ಹೆಸರು ನಿಂತಿತು. ಕೊಂಡವನು ಅದನ್ನು ಪ್ರತಿಮಾಡಬಹುದೆ, ಮಾರ್ಪಡಿಸಬಹುದೆ, ಪರರಿಗೆ ಕೊಡಬಹುದೆ ಎಂಬ ಮೂರು ಅನುಮತಿಗಳನ್ನು ಕರ್ತೃವೇ ಗೊತ್ತುಮಾಡುವಂತಾಯಿತು. ಈ ಘೋಷಣೆಯನ್ನು ನಂಬಿ ಅನೇಕರು ಅಲ್ಲಿನ ಕಸಬನ್ನೇ ಜೀವನೋಪಾಯವಾಗಿ ಮಾಡಿಕೊಂಡರು.

೨೦೦೬ರ ನವೆಂಬರಿನಲ್ಲಿ ಈ ನಂಬಿಕೆಗೆ ಪೆಟ್ಟುಬಿದ್ದಿತು. ಪರೀಕ್ಷೆಯ ಸಲುವಾಗಿ ಕೆಲವು ತಂತ್ರಜ್ಞರು ಬರೆದಿದ್ದ ‘ಕಾಪಿಬಾಟ್’ ಎಂಬ ಕಾರ್ಯಕ್ರಮವು ಹೊರಬಿದ್ದು, ಕರ್ತೃವಿನ ಅನುಮತಿಯನ್ನು ಲೆಕ್ಕಿಸದೆ ವಸ್ತುಗಳನ್ನೂ ಅವತಾರಗಳ ರೂಪವನ್ನೂ ಪ್ರತಿಮಾಡತೊಡಗಿತು. ಅಂಗಡಿಕಾರರು ಪ್ರತಿಭಟಿಸಿ ಅಂಗಡಿಗಳನ್ನು ಮುಚ್ಚಿದರು. ಲಿಂಡೆನ್ ಲ್ಯಾಬ್, ಕಾಪಿಬಾಟನ್ನು ಬಳಸಿ ಪರರ ವಸ್ತುಗಳನ್ನು ಪ್ರತಿಮಾಡುವವರನ್ನು ಹೊರಹಾಕುವುದಾಗಿ ಸಾರಿ, ಅಮೆರಿಕದ ೧೯೯೮ರ ಡಿಜಿಟಲ್ ಕೃತಿಸ್ವಾಮ್ಯ ಶಾಸನದ ಕ್ರಮದಂತೆ ದೂರು ಕೊಡಬಹುದೆಂದು ನಿವಾಸಿಗಳಿಗೆ ತಿಳಿಸಿತು. ೨೦೦೭ರಲ್ಲಿ ಕೆಲವು ವ್ಯಾಪಾರಿಗಳು ತಮ್ಮ ವಸ್ತುಗಳನ್ನು ಪ್ರತಿಮಾಡಿ ಮಾರಿದವರ ಮೇಲೆ ನ್ಯೂಯಾರ್ಕಿನಲ್ಲಿಯೂ ಫ್ಲಾರಿಡಾದಲ್ಲಿಯೂ ನಿಜವಾದ ನ್ಯಾಯಾಲಯಗಳಿಗೆ ಹೋದರು. ಕಲ್ಪಿತ ಅಂಗಡಿಯ ಜಗಳವು ಕಲ್ಲಿನ ಕಟ್ಟಡದ ಮೆಟ್ಟಿಲನ್ನು ಹತ್ತಿದ ಮೊದಲ ಪ್ರಸಂಗಗಳಲ್ಲಿ ಇವು ಸೇರಿವೆ.

ಕಾಪಿಬಾಟನ್ನು ತಡೆಯುವುದು ಏಕೆ ಕಷ್ಟವಾಯಿತೆಂಬುದು ಗಮನಿಸತಕ್ಕ ಅಂಶ. ನೋಡುವವನ ಪರದೆಯಲ್ಲಿ ಒಂದು ಕುರ್ಚಿಯು ಕಾಣಬೇಕಾದರೆ ಆ ಕುರ್ಚಿಯ ಆಕಾರ ಮತ್ತು ಬಣ್ಣಗಳ ವಿವರವು ಸಂಸ್ಥೆಯ ಯಂತ್ರದಿಂದ ಅವನ ಯಂತ್ರಕ್ಕೆ ಬರಲೇಬೇಕು. ತೋರಿಸುವುದೆಂದರೆ ಇಲ್ಲಿ ಒಪ್ಪಿಸುವುದೇ. ಅಂಗಡಿಯ ಕಿಟಕಿಯಲ್ಲಿ ಒಡವೆಯನ್ನಿಟ್ಟ ಅಕ್ಕಸಾಲಿಗನು ದಾರಿಹೋಕರೆಲ್ಲರ ಕೈಗೂ ಅದರ ಅಚ್ಚನ್ನು ಕೊಟ್ಟಂತಾಯಿತು. ಆದುದರಿಂದ ಅನುಮತಿಯ ಗುರುತುಗಳು ಬೀಗಗಳಾಗಿರದೆ, ಪರಸ್ಪರ ಮರ್ಯಾದೆಯ ಮೇಲೆ ನಿಂತ ಸೂಚನೆಗಳಾಗಿದ್ದುವೆಂಬುದು ಅಂದು ಸ್ಪಷ್ಟವಾಯಿತು.

೪

ಕಾಪಿಬಾಟಿನ ಗಲಭೆಯು ನಡೆದ ವರ್ಷದಲ್ಲಿಯೇ ಮಾಟೆಸ್ ಜೋಡಿಯು ‘ಹದಿಮೂರು ಅತಿ ಸುಂದರ ಅವತಾರಗಳು’ ಎಂಬರ್ಥದ ಹೆಸರುಳ್ಳ ಚಿತ್ರಮಾಲೆಯನ್ನು ಮಾಡಿತು. ಸೆಕೆಂಡ್ ಲೈಫಿನಲ್ಲಿ ಕಂಡ ಅವತಾರಗಳ ಮುಖಗಳನ್ನು ಸೆರೆಹಿಡಿದು ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಭಾವಚಿತ್ರಗಳಿವು. ಆ ಲೋಕದೊಳಗೇ ಇದ್ದ ‘ಆರ್ಸ್ ವರ್ಚುವಾ’ ಎಂಬ ಚಿತ್ರಶಾಲೆಯಲ್ಲಿಯೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಇಟಾಲಿಯನ್ ಅಕಾಡೆಮಿಯಲ್ಲಿಯೂ ಅವು ಪ್ರದರ್ಶಿತವಾದುವು. ಹೆಸರು ಆಂಡಿ ವಾರ್‌ಹೋಲನು ೧೯೬೦ರ ದಶಕದಲ್ಲಿ ಹದಿಮೂರು ಮಂದಿ ಸುಂದರರನ್ನೂ ಸುಂದರಿಯರನ್ನೂ ಕುರಿತು ಮಾಡಿದ ಚಲನಚಿತ್ರಗಳ ಹೆಸರನ್ನು ಬಹಿರಂಗವಾಗಿಯೇ ಹೋಲುತ್ತದೆ.

ಈ ಚಿತ್ರಗಳ ಕರ್ತೃ ಯಾರು? ಚೌಕಟ್ಟನ್ನು ಆಯ್ದು, ಕೋನವನ್ನು ಗೊತ್ತುಮಾಡಿ, ಮುದ್ರಿಸಿದವರು ಮಾಟೆಸರು. ಕೆನ್ನೆಯ ಎತ್ತರವನ್ನೂ ತುಟಿಯ ತಿರುವನ್ನೂ ಗೊತ್ತುಮಾಡಿದವನು ಅವತಾರದ ಒಡೆಯ. ಮೈಬಣ್ಣವನ್ನೂ ಕೂದಲನ್ನೂ ಮಾಡಿ ಮಾರುತ್ತಿದ್ದವರು ಆ ಲೋಕದ ಕಸಬಿನವರು. ಇವೆಲ್ಲಕ್ಕೂ ಬೆಳಕನ್ನೂ ನೆಲವನ್ನೂ ಕೊಟ್ಟುದು ಲಿಂಡೆನ್ ಲ್ಯಾಬ್. ಕಲಾವಿದರು ಅವತಾರಗಳನ್ನು ಸ್ವಯಂಚಿತ್ರಗಳೆಂದು ಭಾವಿಸಿದರು. ಮನುಷ್ಯನು ಇರುವಂತೆ ಅಲ್ಲ, ಇರಬೇಕೆಂದು ಬಯಸಿದಂತೆ ಬರೆದುಕೊಂಡ ಚಿತ್ರಗಳು ಅವು ಎಂದು ಅವರ ಅಭಿಪ್ರಾಯ. ಹಾಗಾದರೆ ಈ ಮಾಲೆಯು ಚಿತ್ರಗಳ ಚಿತ್ರವಾಯಿತು. ಆನಂದವರ್ಧನನ ವಿಭಾಗದಂತೆ ಆಲೇಖ್ಯಾಕಾರವಾಯಿತು. ಅದರ ಆತ್ಮವು ತುಚ್ಛವೆಂದು ಹೇಳಬೇಕೆ? ಮುಖಗಳು ಒಂದನ್ನೊಂದು ಹೋಲುತ್ತಿರುವುದನ್ನು ನೋಡಿದಾಗ ಬೇರೊಂದು ಅರ್ಥವು ಹೊಳೆಯುತ್ತದೆ. ಯಾವ ಮೈಯನ್ನಾದರೂ ತಾಳುವ ಸ್ವಾತಂತ್ರ್ಯವಿದ್ದಲ್ಲಿ ಜನರು ಆರಿಸಿಕೊಂಡುದು ಪತ್ರಿಕೆಗಳ ಜಾಹೀರಾತಿನ ಮುಖವನ್ನು. ಬಯಕೆಯೂ ಪ್ರತಿಮಾಡಿದುದೇ ಎಂಬ ಈ ಧ್ವನಿಯು ಮೂಲದ ಅವತಾರಗಳಲ್ಲಿ ಒಂದೊಂದಾಗಿ ಇರಲಿಲ್ಲ. ಹದಿಮೂರನ್ನು ಸಾಲಾಗಿ ನಿಲ್ಲಿಸಿದುದರಿಂದ ಹುಟ್ಟಿತು. ಅಷ್ಟುಮಟ್ಟಿಗೆ ಮಾಲೆಗೆ ಸ್ವಂತದ ಆತ್ಮವಿದೆ.

ಆದರೂ ದೋಷವೊಂದನ್ನು ಮುಚ್ಚಲಾಗದು. ಮಾಲೆಯ ಹೆಸರಿನಲ್ಲಿ ಅವತಾರಗಳಿಗೆ ಸ್ಥಾನವಿದೆ, ಗೋಡೆಯ ಮೇಲೆ ಕಲಾವಿದರಿಗೆ ಸ್ಥಾನವಿದೆ; ಆ ಕೂದಲನ್ನು ಎಳೆಯೆಳೆಯಾಗಿ ಬರೆದ ಕಸಬಿನವನಿಗೆ ಈ ಎರಡರಲ್ಲಿಯೂ ಸ್ಥಾನವಿಲ್ಲ. ಅವನು ಅಂಗಡಿಯನ್ನು ಮುಚ್ಚಿ ಪ್ರತಿಭಟಿಸುತ್ತಿದ್ದ ಕಾಲವದು. ಹಳೆಯ ಶಿಲ್ಪಿಗಳಲ್ಲಿ ಅನೇಕರು ಹೆಸರಿಲ್ಲದೆ ಹೋದರೆಂದು ಮರುಗುವ ವಿಮರ್ಶಕನು ಹೊಸ ಶಿಲ್ಪಿಯ ಹೆಸರು ಕಣ್ಣೆದುರಿಗೇ ಅಳಿಸಿಹೋಗುವುದನ್ನು ಲಘುವಾಗಿ ಎಣಿಸಬಾರದು.

೫

೨೦೦೭ರಿಂದ ಮಾಟೆಸ್ ಜೋಡಿಯು ‘ಕೃತಕ ಪ್ರದರ್ಶನಗಳು’ ಎಂಬರ್ಥದ ಹೆಸರಿನಿಂದ ಇನ್ನೊಂದು ಮಾಲೆಯನ್ನು ಆರಂಭಿಸಿತು. ಕಲಾವಿದನು ತನ್ನ ದೇಹವನ್ನೇ ಸಾಧನವಾಗಿ ಮಾಡಿಕೊಂಡು ಪ್ರೇಕ್ಷಕರ ಎದುರಿಗೆ ನಡೆಸಿದ ಪ್ರಸಿದ್ಧ ಪ್ರದರ್ಶನಗಳನ್ನು ಇವರು ತಮ್ಮನ್ನೇ ಹೋಲುವ ಅವತಾರಗಳ ಮೂಲಕ ಸೆಕೆಂಡ್ ಲೈಫಿನಲ್ಲಿ ಮತ್ತೆ ನಡೆಸಿದರು. ಆ ಕಲಾಪ್ರಕಾರದಲ್ಲಿ ತಮಗೆ ಪ್ರೀತಿಯಿಲ್ಲ, ಅದರ ಮರ್ಮವು ತಮಗೆ ಹಿಡಿಯಲಿಲ್ಲ, ಆದುದರಿಂದಲೇ ಅದನ್ನು ಆರಿಸಿಕೊಂಡೆವು ಎಂಬರ್ಥದ ಮಾತನ್ನು ಅವರು ಆಡಿರುವರು. ಪ್ರತಿಯೊಂದರ ಶೀರ್ಷಿಕೆಯಲ್ಲಿಯೂ ಮೂಲಕೃತಿಯ ಹೆಸರೂ ಮೂಲಕರ್ತೃವಿನ ಹೆಸರೂ ಇವೆ. ರಾಜಶೇಖರನು ಪರಪುರಪ್ರವೇಶವನ್ನು ಮೂಲವು ಮರೆಯಾಗಿರುವ ‘ನಿಹ್ನುತಯೋನಿ’ಯ ವರ್ಗದಲ್ಲಿ ಸೇರಿಸಿದ್ದನು. ಇಲ್ಲಿ ಪರಪುರಪ್ರವೇಶವೂ ಉಂಟು, ಮೂಲವನ್ನು ಸಾರಿ ಹೇಳುವುದೂ ಉಂಟು. ಕಾಪಿಬಾಟಿನಿಂದ ವಸ್ತುವನ್ನು ತೆಗೆದು ತನ್ನದೆಂದು ಮಾರಿದವನಿಗೂ ಇವರಿಗೂ ಇರುವ ಮೊದಲನೆಯ ಭೇದವಿದು.

ಇದಕ್ಕೆ ಸ್ವಲ್ಪ ಮೊದಲು, ೨೦೦೫ರ ನವೆಂಬರಿನಲ್ಲಿ, ಮರೀನಾ ಅಬ್ರಮೊವಿಚ್ ಎಂಬ ಹಿರಿಯ ಕಲಾವಿದೆಯು ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿ ಏಳು ರಾತ್ರಿ ಏಳು ಪ್ರದರ್ಶನಗಳನ್ನು ನಡೆಸಿದಳು. ಅವುಗಳಲ್ಲಿ ಐದು ಪರರವು. ಸಂಗೀತಗಾರನು ಪರರ ರಚನೆಯನ್ನು ಅನುಮತಿ ಪಡೆದು, ಹೆಸರು ಹೇಳಿ, ಸಲ್ಲಬೇಕಾದುದನ್ನು ಸಲ್ಲಿಸಿ ನುಡಿಸುವಂತೆಯೇ ಪ್ರದರ್ಶನಕಲೆಯಲ್ಲಿಯೂ ನಡೆಯಬೇಕೆಂಬುದು ಅವಳ ಮತ. ಕ್ರಿಸ್ ಬರ್ಡನ್ ಎಂಬ ಕಲಾವಿದನು ತನ್ನ ೧೯೭೪ರ ಕೃತಿಯೊಂದಕ್ಕೆ ಅನುಮತಿಯನ್ನು ಕೊಡದಿದ್ದುದರಿಂದ ಅವಳು ಅದನ್ನು ಕೈಬಿಟ್ಟಳು. ಮಾಟೆಸರು ಕಲ್ಪಿತಲೋಕದಲ್ಲಿ ನಡೆಸಿದ ಪ್ರದರ್ಶನಗಳಲ್ಲಿ ಅದೇ ಬರ್ಡನ್ನನ ಮತ್ತೊಂದು ಕೃತಿಯೂ ಇದೆ. ೧೯೭೧ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಚಿತ್ರಶಾಲೆಯಲ್ಲಿ ಬರ್ಡನ್ನನು ಸ್ನೇಹಿತನೊಬ್ಬನಿಂದ ತನ್ನ ಎಡತೋಳಿಗೆ ಬಂದೂಕಿನ ಗುಂಡನ್ನು ಹೊಡೆಯಿಸಿಕೊಂಡಿದ್ದನು. ಆ ಕೃತಿಯ ಆತ್ಮವು ಗಾಯವೇ. ಅವತಾರದ ತೋಳಿಗೆ ಗುಂಡು ತಗುಲಿದಾಗ ನೋವಿಲ್ಲ, ರಕ್ತವಿಲ್ಲ, ಹೊಡೆದವನ ಕೈಯಲ್ಲಿ ನಡುಕವಿಲ್ಲ. ರೂಪವೆಲ್ಲವೂ ಬಂದಿತು, ಆತ್ಮವು ಬರಲಿಲ್ಲ. ಇದು ಶುದ್ಧವಾದ ಪ್ರತಿಬಿಂಬ.

೧೯೭೭ರಲ್ಲಿ ಬೊಲೋನ್ಯಾ ನಗರದಲ್ಲಿ ಅಬ್ರಮೊವಿಚ್ ಮತ್ತು ಉಲಾಯ್ ಇಬ್ಬರೂ ಇಕ್ಕಟ್ಟಾದ ಬಾಗಿಲಿನ ಎರಡು ಕಡೆ ಬೆತ್ತಲೆಯಾಗಿ ನಿಂತಿದ್ದರು. ಒಳಹೋಗುವವರು ಅವರ ನಡುವೆ ಓರೆಯಾಗಿ ನುಸುಳುತ್ತ ಯಾರ ಕಡೆಗೆ ಮುಖಮಾಡಬೇಕೆಂದು ನಿಶ್ಚಯಿಸಬೇಕಾಗಿತ್ತು. ಇದರ ಅನುಕೃತಿಗೂ ಅದೇ ನ್ಯಾಯವು ಸಲ್ಲುತ್ತದೆ. ಲಜ್ಜೆಯಿಲ್ಲದ ಲೋಕದಲ್ಲಿ ಬೆತ್ತಲೆಯೂ ಒಂದು ಉಡುಪೇ. ಹೀಗೆ ಸೋಲುವುದೇ ಇವರ ಉದ್ದೇಶವೆಂದು, ಯಾವುದು ಪ್ರತಿಯಾಗಲಾರದೆಂಬುದನ್ನು ಪ್ರತಿಮಾಡಿಯೇ ತೋರಿಸಿದರೆಂದು ಅವರ ಪರವಾಗಿ ಹೇಳಬಹುದು. ಈ ಸಮಾಧಾನವು ಒಂದೆರಡು ಕೃತಿಗಳಿಗೆ ಒಪ್ಪುತ್ತದೆ. ಅದನ್ನೇ ಪುನಃ ಪುನಃ ಹೇಳಿದಲ್ಲಿ ಮೊದಲಿನ ಚುರುಕು ಹೋಗಿ ಅಭ್ಯಾಸವಾಗುತ್ತದೆ.

ಮಾಲೆಯಲ್ಲಿ ಈ ಆಕ್ಷೇಪವನ್ನು ಮೀರಿ ನಿಲ್ಲುವ ಕೃತಿಯೊಂದಿದೆ. ಜೋಸೆಫ್ ಬಾಯ್ಸನು ೧೯೮೨ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ೭೦೦೦ ಮರಗಳನ್ನು ನೆಡುವ ಕಾರ್ಯವನ್ನು ಆರಂಭಿಸಿ ಒಂದೊಂದು ಸಸಿಯ ಪಕ್ಕದಲ್ಲಿಯೂ ಒಂದು ಬಸಾಲ್ಟ್ ಕಲ್ಲನ್ನು ನಿಲ್ಲಿಸಿದನು. ಅವನು ತೀರಿಹೋದ ಮೇಲೆ, ೧೯೮೭ರಲ್ಲಿ, ಅದು ಪೂರ್ಣವಾಯಿತು. ಕಲ್ಲು ಇದ್ದಷ್ಟೇ ಇದ್ದು ಮರವು ಬೆಳೆಯುತ್ತ ಹೋಗುವುದೇ ಅದರ ಸೊಗಸು. ಮಾಟೆಸರು ೨೦೦೭ರಲ್ಲಿ ಇದನ್ನು ಸೆಕೆಂಡ್ ಲೈಫಿನಲ್ಲಿ ಆರಂಭಿಸಿ, ನಿವಾಸಿಗಳು ತಮ್ಮ ತಮ್ಮ ನೆಲದಲ್ಲಿ ಮರವನ್ನೂ ಕಲ್ಲನ್ನೂ ಇಡುವಂತೆ ಆಹ್ವಾನಿಸಿದರು. ಕಲ್ಪಿತ ಮರಕ್ಕೆ ನೀರೂ ಬೇಡ, ವರ್ಷಗಳೂ ಬೇಡ. ಆ ಅಂಶದಲ್ಲಿ ಇದು ಮೂಲಕ್ಕೆ ಬಹು ಕೆಳಗೆ. ಆದರೆ ಬಾಯ್ಸನ ಕೃತಿಯ ಇನ್ನೊಂದು ಅಂಶ, ಎಂದರೆ ಒಬ್ಬನ ಕಲ್ಪನೆಯು ಅನೇಕರ ಕೈಗಳಿಂದ ಹರಡುವುದು, ಇಲ್ಲಿ ಅಂಗಹೀನವಾಗದೆ ಬಂದಿದೆ. ಇತರ ಕೃತಿಗಳಲ್ಲಿ ಪ್ರತಿಮಾಡುವುದು ನಷ್ಟಕ್ಕೆ ಕಾರಣವಾಯಿತು. ಇಲ್ಲಿ ಪ್ರತಿಮಾಡುವುದೇ ನೆಡುವುದು. ಅನುಮತಿಯ ಮೂರು ಗುರುತುಗಳನ್ನೂ ತೆರೆದುಕೊಟ್ಟ ವಸ್ತುವು ಆ ಲೋಕದಲ್ಲಿ ಹೇಗೆ ಬದುಕುವುದೆಂಬುದಕ್ಕೆ ಇದು ನಿದರ್ಶನ. ಪರಪುರಪ್ರವೇಶವೆಂಬ ಹೆಸರು ಮಾಲೆಯಲ್ಲಿ ಪೂರ್ಣವಾಗಿ ಸಲ್ಲುವುದು ಇದಕ್ಕೊಂದಕ್ಕೇ.

ತಮ್ಮ ಅನುಕೃತಿಗಳ ಮಿತಿಯು ಈ ಕಲಾವಿದರಿಗೇ ಗೊತ್ತಾದಂತೆ ತೋರುತ್ತದೆ. ೨೦೧೦ರ ‘ಫ್ರೀಡಮ್’ ಎಂಬ ಕೃತಿಯಲ್ಲಿ ಈವಾ ಮಾಟೆಸಳು ‘ಕೌಂಟರ್ ಸ್ಟ್ರೈಕ್’ ಎಂಬ ಯುದ್ಧದ ಆಟವನ್ನು ಹೊಕ್ಕು, ತಾನು ಕಲಾಪ್ರದರ್ಶನವನ್ನು ಮಾಡುತ್ತಿರುವೆನು, ಗುಂಡು ಹಾರಿಸಬೇಡಿ ಎಂದು ಇತರ ಆಟಗಾರರನ್ನು ಬೇಡಿಕೊಳ್ಳುತ್ತಾಳೆ. ಅವರು ಅವಳನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ. ಇಲ್ಲಿ ಯಾರ ಮೂಲವೂ ಇಲ್ಲ. ಗುಂಡು ಸುಳ್ಳಾದರೂ ತಿರಸ್ಕಾರವು ನಿಜ. ಅವತಾರದ ಹಿಂದಿರುವ ಮನುಷ್ಯಳಿಗೆ ತಗುಲಬಹುದಾದುದು ಏನೆಂಬುದನ್ನು ಬರ್ಡನ್ನನ ಅನುಕೃತಿಗಿಂತ ಇದು ಚೆನ್ನಾಗಿ ಹೇಳುತ್ತದೆ.

೬

ಅದೇ ಸೆಕೆಂಡ್ ಲೈಫಿನಲ್ಲಿ, ಭಾರತೀಯರಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಅನುಕೃತಿಯನ್ನು ಇಲ್ಲಿ ಹೋಲಿಸಿ ನೋಡಬೇಕಾಗಿದೆ. ೧೯೩೦ರ ದಂಡೀಯಾತ್ರೆಯನ್ನು ಅಮೆರಿಕದ ಕಲಾವಿದ ಜೋಸೆಫ್ ಡಿಲ್ಯಾಪನು ೨೦೦೮ರ ಮಾರ್ಚಿ ೧೨ರಿಂದ ಏಪ್ರಿಲ್ ೬ರ ವರೆಗೆ, ಮೂಲದ ತಾರೀಖುಗಳನ್ನೇ ಅನುಸರಿಸಿ, ಗಾಂಧಿಯವರ ರೂಪದ ಅವತಾರದಿಂದ ಮತ್ತೆ ನಡೆಸಿದನು. ಕುಳಿತು ಗುಂಡಿಯೊತ್ತಿ ಅವನು ಅವತಾರವನ್ನು ನಡೆಸಲಿಲ್ಲ. ನ್ಯೂಯಾರ್ಕಿನ ಐಬೀಮ್ ಎಂಬ ಕಲಾಕೇಂದ್ರದಲ್ಲಿ ನಡಿಗೆಯ ಯಂತ್ರವೊಂದನ್ನು ಕಂಪ್ಯೂಟರಿಗೆ ಜೋಡಿಸಿ, ತಾನು ಹೆಜ್ಜೆಯಿಟ್ಟರೆ ಮಾತ್ರ ಅವತಾರವು ಹೆಜ್ಜೆಯಿಡುವಂತೆ ಏರ್ಪಡಿಸಿಕೊಂಡು, ೨೪೦ ಮೈಲಿಗಳನ್ನು ೨೬ ದಿನಗಳಲ್ಲಿ ನಡೆದನು. ಶಂಕರಾಚಾರ್ಯರು ಅಮರುಕರಾಜನ ದೇಹವನ್ನು ಹೊಕ್ಕಾಗ ಅವರು ಬಿಟ್ಟುಬಂದ ದೇಹವನ್ನು ಶಿಷ್ಯರು ಗುಹೆಯಲ್ಲಿ ಕಾಯುತ್ತಿದ್ದರೆಂಬುದು ಕಥೆ. ಮಾಟೆಸರ ಅನುಕೃತಿಗಳಲ್ಲಿ ಬಿಟ್ಟುಬಂದ ದೇಹವು ಕುರ್ಚಿಯಲ್ಲಿ ಸುಖವಾಗಿದ್ದಿತು; ಡಿಲ್ಯಾಪನದು ದಣಿಯಿತು. ಮೂಲದ ಲಾಠಿಯೂ ಸೆರೆಮನೆಯೂ ಇವನ ಪಾಲಿಗೆ ಬರಲಿಲ್ಲ, ನಿಜ. ಆದರೂ ನಡೆಯುವುದೆಂಬ ತಪಸ್ಸಿನ ಅಂಶವು ಪ್ರತಿಯಾಗದೆ ಹೊಸದಾಗಿಯೇ ಸಂಪಾದಿತವಾಯಿತು. ಅನುಕೃತಿಗೆ ಆತ್ಮವು ಬರುವುದು ಮೂಲದಿಂದಲ್ಲ. ಅನುಕರಿಸುವವನು ತನ್ನದಾದುದನ್ನು ಏನನ್ನಾದರೂ ತೆತ್ತಾಗ ಎಂಬ ನಿಯಮವು ಇದರಿಂದ ಹೊರಡುತ್ತದೆ.

ಕೃತಿಸ್ವಾಮ್ಯದ ಪ್ರಶ್ನೆಗೂ ಈ ಯಾತ್ರೆಗೂ ಒಳಗಿನ ನಂಟೊಂದಿದೆ. ಸಮುದ್ರವು ಎಲ್ಲರಿಗೂ ಕೊಟ್ಟ ಉಪ್ಪನ್ನು ಶಾಸನದಿಂದ ಒಬ್ಬರ ಸ್ವಾಮ್ಯಕ್ಕೆ ಒಳಪಡಿಸಬಹುದೆ ಎಂಬುದೇ ದಂಡಿಯ ವಿವಾದ. ೧೯೧೦ರಲ್ಲಿ ‘ಹಿಂದ್ ಸ್ವರಾಜ್’ನ ಇಂಗ್ಲಿಷ್ ಅವತರಣಿಕೆಯನ್ನು ಪ್ರಕಟಿಸಿದಾಗ ಗಾಂಧಿಯವರು ಹಕ್ಕುಗಳನ್ನು ಕಾದಿರಿಸಿಲ್ಲವೆಂದು ಅದರಲ್ಲಿ ಅಚ್ಚುಮಾಡಿಸಿದ್ದರು. ಆದರೆ ಮುಂದೆ ಅವರ ಬರೆಹಗಳ ಸ್ವಾಮ್ಯವು ನವಜೀವನ ಟ್ರಸ್ಟಿನಲ್ಲಿ ನಿಂತು, ಭಾರತದ ಶಾಸನದಂತೆ ಮರಣಾನಂತರದ ೬೦ ವರ್ಷಗಳು ತುಂಬಿ, ೨೦೦೯ರ ಆರಂಭದಲ್ಲಿ ಸಾರ್ವಜನಿಕವಾಯಿತು. ಹಕ್ಕನ್ನು ಬಿಡುವುದೂ, ದುರುಪಯೋಗವಾಗದಂತೆ ಅದನ್ನು ಕಾಯುವುದೂ ಎರಡೂ ಒಬ್ಬರ ಜೀವನದಲ್ಲಿಯೇ ಕಂಡವು. ಸ್ವಾಮ್ಯವೆಲ್ಲವೂ ಉಪ್ಪಿನ ಶಾಸನವಲ್ಲ. ಪ್ರತಿಮಾಡುವುದೆಲ್ಲವೂ ಸತ್ಯಾಗ್ರಹವೂ ಅಲ್ಲ.

೭

ಶಾಸನವು ಕೇಳುವ ಪ್ರಶ್ನೆ ಒಂದು, ವಿಮರ್ಶೆಯು ಕೇಳುವ ಪ್ರಶ್ನೆ ಇನ್ನೊಂದು. ಎರಡನ್ನು ಬೆರಸಿದುದರಿಂದಲೇ ಈ ವಿಷಯದಲ್ಲಿ ಗೊಂದಲವು ಹೆಚ್ಚಿದೆ. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿಯು ಗಾಯಕ ಪ್ರಿನ್ಸನನ್ನು ೧೯೮೧ರಲ್ಲಿ ಹಿಡಿದ ಚಿತ್ರವನ್ನು ಆಧರಿಸಿ ವಾರ್‌ಹೋಲನು ಚಿತ್ರಗಳನ್ನು ಮಾಡಿದ್ದನು. ಅವುಗಳಲ್ಲೊಂದನ್ನು ವಾರ್‌ಹೋಲನ ಹೆಸರಿನ ಪ್ರತಿಷ್ಠಾನವು ೨೦೧೬ರಲ್ಲಿ ಒಂದು ಪತ್ರಿಕಾಸಂಸ್ಥೆಗೆ ಬಳಕೆಗಾಗಿ ಕೊಟ್ಟುದು ನ್ಯಾಯವಾದ ಉಪಯೋಗವಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಮೇ ತಿಂಗಳಲ್ಲಿ ಏಳು ಮಂದಿಯ ಬಹುಮತದಿಂದ ತೀರ್ಮಾನಿಸಿತು. ಇಬ್ಬರು ಭಿನ್ನಮತವನ್ನು ತಾಳಿದರು. ಹೊಸ ಚಿತ್ರದ ಸೌಂದರ್ಯ ಹೆಚ್ಚೋ ಕಡಮೆಯೋ ಎಂಬುದನ್ನು ಬಹುಮತವು ನೋಡಲಿಲ್ಲ. ಮೂಲಚಿತ್ರವು ಯಾವ ಪೇಟೆಯಲ್ಲಿ ಯಾವ ಉದ್ದೇಶಕ್ಕೆ 쓸ದಾಗಬಹುದಾಗಿತ್ತೋ